ರಾತ್ರಿ ಮಳೆಗೆ ಕೂಗುವ ಕ್ಯಾನು: ಬರೆ ಕೆಳಗಿನ ಮನೆಯ ಮಳೆಗಾಲದ ತಯಾರಿ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಜೋಡುಪಾಲದ ಬರೆಗಳು (ಗುಡ್ಡದ ಕಡಿದಾದ ಮಣ್ಣಿನ ಗೋಡೆಗಳು) ಒಂದರ ಹಿಂದೊಂದು ಜಾರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ನಮ್ಮ ಮನೆ ಇರುವುದೂ ಮಡಿಕೇರಿ ತಾಲ್ಲೂಕಿನಲ್ಲೇ, ಕಾಫಿ ತೋಟದ ಇಳಿಜಾರಿನಲ್ಲಿ. ಹಿತ್ತಲು ಅಗಲವಾಗಲಿ ಎಂದು ಹಿಂದೊಮ್ಮೆ ಜೆಸಿಬಿ ತರಿಸಿ ಕಡಿಸಿದ 14 ಅಡಿ ಎತ್ತರದ ನೆಟ್ಟಗಿನ ಬರೆ ಮನೆಯ ಬೆನ್ನಿಗೇ ಇದೆ. ಬರೆಯ ಮೇಲೆ ತೋಟ, ತೋಟದ ಮೇಲೆ ಪೈಸಾರಿ (ಸರ್ಕಾರಿ ಜಾಗದ) ಕಾಡು.

ಈ ಬೇಸಿಗೆಯಲ್ಲಿ ಶುರುಮಾಡಿ ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳು) ಹಿಡಿಯುವ ಹೊತ್ತಿಗೆ ಒಂದು ಮಟ್ಟಕ್ಕೆ ಬಂದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದರ ಹಿಂದಿರುವ ಯೋಚನೆ ಇಷ್ಟೇ: ಮನೆ ಬಿಡುವ ತೀರ್ಮಾನವನ್ನು ಮಳೆ ಸುರಿಯುತ್ತಿರುವಾಗ ಮಾಡಬಾರದು. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದ ಮನೆಯಲ್ಲಿ, "ಇನ್ನೊಂದು ಗಂಟೆ ನೋಡೋಣ" ಎನ್ನುವ ಮಾತೇ ಯಾವಾಗಲೂ ಗೆಲ್ಲುತ್ತದೆ. ಹಸು ಕಟ್ಟಿಹಾಕಿದೆ, ಅವ್ವನಿಗೆ ಮಂಡಿನೋವು, ಕಾಗದಪತ್ರ ಬೀರುವಿನಲ್ಲಿದೆ, ಬೂಟು ಸಿಗುತ್ತಿಲ್ಲ. ಇವೆಲ್ಲ ಮನೆಯಲ್ಲೇ ಉಳಿಯಲು ಸಿಗುವ ಕಾರಣಗಳು. ಬಿಸಿಲಿರುವಾಗಲೇ ಅವನ್ನು ಒಂದೊಂದಾಗಿ ತೆಗೆದುಹಾಕಬೇಕಿತ್ತು.

ಹಂತ 1, ಮಾರ್ಚ್ ಕೊನೆ: ಹೋಗುವ ಜಾಗ, ಹೋಗುವ ದಾರಿ

ಹಗಲಿನಲ್ಲಿ ಹೊರಡುವುದಾದರೆ ಜಾಗದ ಚಿಂತೆಯಿಲ್ಲ. ಪಿರಿಯಾಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಿದೆ, ಸಮತಟ್ಟು ಊರು. ತೊಂದರೆ ಇರುವುದು ರಾತ್ರಿಯದು. ಜೋರು ಮಳೆಯ ರಾತ್ರಿ ರಸ್ತೆಗೆ ಇಳಿದರೆ ಮೋರಿಗಳ ಮೇಲೆ ನೀರು ಹರಿಯುತ್ತಿರುತ್ತದೆ, ಎರಡೂ ಕಡೆ ಬರೆ. ಅಂಥ ಹೊತ್ತಿನಲ್ಲಿ ಮನೆಗಿಂತ ರಸ್ತೆಯೇ ಹೆಚ್ಚು ಅಪಾಯ. ಹಾಗಾಗಿ ನಡೆದೇ ತಲುಪುವ ಜಾಗ ಬೇಕಿತ್ತು.

ಮಣ್ಣು, ಕಲ್ಲು, ಮರ ಎಲ್ಲ ಕಲಸಿಕೊಂಡು ಇಳಿಯುವ ಕೆಸರು ಗುಡ್ಡದ ಕೊರಕಲು ಹಿಡಿದು ಬರುತ್ತದೆ, ಏಣಿನ (ಎರಡು ಕೊರಕಲುಗಳ ನಡುವಿನ ಎತ್ತರದ ಬೆನ್ನಿನ) ಮೇಲೆ ಹತ್ತುವುದು ಅಪರೂಪ. ನಮ್ಮ ತೋಟದ ಪಡುವಣ ಏಣಿನ ಮೇಲೆ ಹಳೆಯ ಗೊಬ್ಬರದ ಸ್ಟೋರ್ ಇದೆ. ಅದರ ಹಿಂಬದಿಗೆ ಕಡಿದ ಬರೆಯಿಲ್ಲ, ಅಕ್ಕಪಕ್ಕ ಎರಡೂ ಕಡೆ ನೆಲ ಕೆಳಗಿಳಿಯುತ್ತದೆ. ಅದನ್ನೇ ಆರಿಸಿಕೊಂಡೆವು.

ಮೊದಲು ಗುರುತು ಹಾಕಿದ್ದು ಹತ್ತಿರದ ದಾರಿಗೆ, 140 ಮೀಟರ್. ನಡುವೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡಲಾಗಿ ಕಾಲುಸಂಕ. ಬೇಸಿಗೆಯಲ್ಲಿ ಮಕ್ಕಳೂ ದಾಟುವ ಸಂಕ ಅದು, ಜುಲೈಯಲ್ಲಿ ಕಾಣಿಸುವುದೇ ಇಲ್ಲ. ಆ ದಾರಿ ಬಿಟ್ಟು, ಕಣದ ಪಕ್ಕದಿಂದ ಏಣಿನ ಮೇಲಕ್ಕೆ ಹತ್ತಿ ಏಣಿನ ಮೇಲೆಯೇ ಸಾಗುವ 220 ಮೀಟರಿನ ಸುತ್ತು ದಾರಿ ಹಿಡಿದೆವು. ಅದರಲ್ಲಿ ಒಂದೂ ನೀರಿನ ಹಾದಿ ಇಲ್ಲ. ದಾರಿ ಉದ್ದವಾದರೂ ಚಿಂತೆಯಿಲ್ಲ, ತೋಡು ದಾಟುವಂತಿರಬಾರದು ಎನ್ನುವುದು ಈ ಹಂತದಲ್ಲಿ ತಿಳಿದ ದೊಡ್ಡ ವಿಷಯ.

ಕಡಿದಾದ ಕಡೆ ಗುದ್ದಲಿಯಲ್ಲಿ ಮೆಟ್ಟಿಲು ಕಡಿದು, ಜಾರದ ಹಾಗೆ ಒಡೆದ ಜಲ್ಲಿ ಬಡಿದೆವು. ಅವ್ವ ಹಿಡಿದುಕೊಳ್ಳಲು ಅಲ್ಲಿ 1 ಇಂಚಿನ ಜಿಐ ಪೈಪಿನ ಕೈಪಿಡಿ (2,400 ರೂ.). ಉಳಿದ ಕಡೆ ಮರದಿಂದ ಮರಕ್ಕೆ 14 ಮಿ.ಮೀ. ಹಗ್ಗ, ಸೊಂಟದ ಎತ್ತರಕ್ಕೆ (1,100 ರೂ.). ದಾರಿಯ ಕಲ್ಲುಗಳಿಗೆ ಬಿಳಿ ಪೇಂಟ್ (450 ರೂ.). ಪೇಂಟು ಜೂನ್ ಮುಗಿಯುವುದರೊಳಗೆ ಪಾಚಿ ಹಿಡಿದು ಹಸಿರಾಗಿ, ರಾತ್ರಿ ಕಾಣದಂತಾಯಿತು. ಹಗ್ಗಕ್ಕೆ ಅಲ್ಲಲ್ಲಿ ಸುತ್ತಿದ ಲಾರಿಯ ರಿಫ್ಲೆಕ್ಟರ್ ಟೇಪಿನ ತುಂಡುಗಳು ಮಾತ್ರ ಹೆಡ್‌ಲ್ಯಾಂಪಿನ ಬೆಳಕಿಗೆ ಈಗಲೂ ದೂರದಿಂದ ಹೊಳೆಯುತ್ತವೆ. ಮತ್ತೆ ಮಾಡುವವರು ಪೇಂಟಿನ ದುಡ್ಡು ಉಳಿಸಬಹುದು.

ಸ್ಟೋರಿನಲ್ಲಿ ಇಟ್ಟದ್ದು: ನಮ್ಮ ಮನೆ ಮತ್ತು ಲೈನ್‌ಮನೆ (ತೋಟದ ಕೆಲಸಗಾರರ ಮನೆ) ಸೇರಿ 8 ಜನ, ತಲೆಗೆ ದಿನಕ್ಕೆ 3 ಲೀಟರ್ ಕುಡಿಯುವ ನೀರು, 2 ದಿನಕ್ಕೆ 48 ಲೀಟರ್. 20 ಲೀಟರಿನ ಮೂರು ಕ್ಯಾನು ತುಂಬಿಸಿದ್ದೇವೆ. ಅವಲಕ್ಕಿ, ಬೆಲ್ಲ, ಉಪ್ಪು ಹಳೆಯ ಬಿಸ್ಕತ್ತಿನ ಟಿನ್ನಿನಲ್ಲಿ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿದು ಅವಲಕ್ಕಿಯನ್ನೆಲ್ಲ ಚೆಲ್ಲಿದ ಮೇಲೆ ಟಿನ್ನಿಗೆ ಬಂದೆವು. ಕಂಬಳಿ, ಟಾರ್ಪಾಲು, ಒಂದು ಕತ್ತಿ.

ಹಂತ 2, ಏಪ್ರಿಲ್: ಬರೆಯ ಮೇಲಿನ ನೀರು, ಬಿರುಕು

ತೋಟದಲ್ಲಿ ನೀರು ಇಂಗಲೆಂದು ತೋಡುವ ತೊಟ್ಟಿಲು ಗುಂಡಿಗಳು ಕಾಫಿಗೆ ಒಳ್ಳೆಯವು. ಆದರೆ ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ನೆತ್ತಿಯ ಮೇಲೆ, ಅವು ಬರೆಯ ಹೊಟ್ಟೆಗೇ ನೀರು ಕುಡಿಸುತ್ತವೆ. ಮನೆಯ ನೇರ ಮೇಲಿದ್ದ ಸಾಲುಗಳ ಗುಂಡಿಗಳನ್ನೆಲ್ಲ ಮುಚ್ಚಿ ಮೆಟ್ಟಿದೆವು. ಬರೆಯ ಅಂಚಿನಿಂದ 6 ಮೀಟರ್ ಮೇಲೆ, 1 ಅಡಿ ಅಗಲ, 1 ಅಡಿ ಆಳದ ಅಡ್ಡ ಕಾಲುವೆ ತೆಗೆದು, ತಳಕ್ಕೆ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಪಕ್ಕದ ಬಂಡೆ ತೋಡಿಗೆ ಬೀಳುವ ಹಾಗೆ ಮಾಡಿದೆವು. ಹಾಸು ಇಲ್ಲದಿದ್ದರೆ ಕಾಲುವೆಯೂ ಇನ್ನೊಂದು ಇಂಗುಗುಂಡಿಯೇ. ಕೂಲಿ 7,200 ರೂ., ಹಾಸು 3,800 ರೂ.

ಬರೆಯ ಅಂಚಿನಲ್ಲಿ ಬೆರಳು ಹೋಗುವಷ್ಟು ಅಗಲದ ಹಳೆಯ ಬಿರುಕೊಂದಿತ್ತು, ಸುಮಾರು 4 ಮೀಟರ್ ಉದ್ದ. ಅದಕ್ಕೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಮುಚ್ಚಿದೆವು. ಬಿರುಕಿನ ಆಚೆಗೊಂದು, ಈಚೆಗೊಂದು 12 ಮಿ.ಮೀ. ಕಬ್ಬಿಣದ ಗೂಟ, 3 ಅಡಿ ಉದ್ದದವು, 2 ಅಡಿ ನೆಲದೊಳಗೆ. ಹೀಗೆ ಮೂರು ಜೋಡಿ. ಮೊದಲು ಗೂಟದಿಂದ ಗೂಟಕ್ಕೆ ನೈಲಾನ್ ದಾರ ಬಿಗಿದು, ಅದು ಬಿಗಿಯಾದರೆ ನೆಲ ಸರಿದಂತೆ ಎಂದು ನೋಡಿಕೊಳ್ಳುತ್ತಿದ್ದೆವು. ಒದ್ದೆಯಾದಾಗ ನೈಲಾನ್ ತಾನೇ ಹಿಗ್ಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಏನೂ ತಿಳಿಯಲಿಲ್ಲ. ಈಗ ಗೂಟದ ತಲೆಗೆ ಗರಗಸದಿಂದ ಗೀರು ಹಾಕಿ, ಗೀರಿನಿಂದ ಗೀರಿಗೆ ಸ್ಟೀಲ್ ಟೇಪಿನಿಂದ ಅಳೆದು ಬರೆದಿಡುತ್ತೇವೆ. ವಾರಕ್ಕೊಮ್ಮೆ, ಮಳೆ ಜೋರಾದರೆ ದಿನವೂ ಬೆಳಿಗ್ಗೆ. ಅಳೆಯಲು ಹೋಗುವವರು ಒಬ್ಬರೇ ಹೋಗಬಾರದು, ಮಳೆ ಬೀಳುತ್ತಿರುವಾಗ ಹೋಗಲೇಬಾರದು.

ಮನೆಯೊಳಗೆ, ಹಿಂಬದಿ ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿದ್ದೇವೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಫೋಟೋ ಫ್ರೇಮಿನ ಅಂಗಡಿಯವರು ಉಳಿದ ಚೂರುಗಳನ್ನು ದುಡ್ಡಿಲ್ಲದೆ ಕೊಟ್ಟರು.

ಒಂದು ಪೈಸೆ ಖರ್ಚಿಲ್ಲದೆ ಆದ ಕೆಲಸವೆಂದರೆ ಮಂಚಗಳನ್ನು ಸರಿಸಿದ್ದು. ಬರೆಗೆ ತಾಗಿದ ಎರಡು ಕೋಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಮಲಗುವುದಿಲ್ಲ. ಮೆಣಸಿನ ಮೂಟೆ, ಹಳೆಯ ಸಾಮಾನು ಅಲ್ಲಿಗೆ, ಜನ ಎಲ್ಲ ಮುಂದಿನ ಜಗಲಿ ಕಡೆಗೆ. ಇಷ್ಟು ಬರೆದದ್ದರಲ್ಲಿ ಯಾರಾದರೂ ಒಂದೇ ಒಂದನ್ನು ಮಾಡುವುದಾದರೆ ಇದನ್ನೇ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಹಂತ 3, ಏಪ್ರಿಲ್: ಕಾಗದ ಮತ್ತು ಚೀಲ

ಪಹಣಿ ಮತ್ತೆ ಆನ್‌ಲೈನಿನಲ್ಲಿ ತೆಗೆಯಬಹುದು, ಆಧಾರ್ ಕೂಡ. ಹಳೆಯ ಕ್ರಯಪತ್ರ, ವಿಭಾಗಪತ್ರ, ಮಗನ ಅಂಕಪಟ್ಟಿ ಕಳೆದರೆ ವರ್ಷಗಟ್ಟಲೆ ಓಡಾಟ. ಎಲ್ಲದರ ಫೋಟೋ ತೆಗೆದು ಚಿಕ್ಕಮ್ಮನ ಮಗಳ ಫೋನಿನಲ್ಲೂ ಇಟ್ಟೆವು. ಅಸಲು ಪತ್ರಗಳನ್ನು ಹೋದ ವರ್ಷ ಜೂನ್‌ನಲ್ಲಿ ಜಿಪ್ ಕವರಿಗೆ ಹಾಕಿದ್ದೆವು. ಜೂನ್‌ನ ತೇವವೂ ಅವುಗಳ ಜೊತೆ ಒಳಗೆ ಸೇರಿ, ಸೆಪ್ಟೆಂಬರ್‌ನಲ್ಲಿ ತೆಗೆದಾಗ ಬೂಷ್ಟು ಹಿಡಿದಿತ್ತು. ಈ ಸಲ ಏಪ್ರಿಲ್‌ನ ಉರಿಬಿಸಿಲಿನ ದಿನ ನೆರಳಲ್ಲಿ ಹರವಿ, ಮಧ್ಯಾಹ್ನವೇ ಮುಚ್ಚಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಜೊತೆಗಿಟ್ಟೆವು. ಈವರೆಗೆ ಚೆನ್ನಾಗಿದೆ.

ಚೀಲ ಒಬ್ಬೊಬ್ಬರಿಗೆ ಒಂದು, ಬೆನ್ನಿಗೆ ಹಾಕುವಂಥದ್ದು, ಎರಡೂ ಕೈ ಖಾಲಿ ಇರಬೇಕು. ಅವ್ವನದ್ದು 2 ಕಿಲೋ ಮೀರಬಾರದು. ಒಳಗೆ ಒಂದು ಜೊತೆ ಬಟ್ಟೆ, ಹದಿನೈದು ದಿನದ ಬಿ.ಪಿ. ಮಾತ್ರೆ, ಓಆರ್‌ಎಸ್, ಕ್ಲೋರಿನ್ ಮಾತ್ರೆ, ಸೀಟಿ, ಪವರ್ ಬ್ಯಾಂಕ್, ಚಿಲ್ಲರೆ ನೋಟು. ಕರೆಂಟು, ನೆಟ್‌ವರ್ಕ್ ಇಲ್ಲದ ದಿನಗಳಲ್ಲಿ ಫೋನಿನಿಂದ ದುಡ್ಡು ಕೊಡಲು ಬರುವುದಿಲ್ಲ. ಟಾರ್ಚಿನ ಬದಲು ಹೆಡ್‌ಲ್ಯಾಂಪ್, ಸೆಲ್ಲುಗಳನ್ನು ಹೊರಗೆ ತೆಗೆದು ಪಕ್ಕದಲ್ಲಿ ಸುತ್ತಿಟ್ಟದ್ದು. ಒಳಗೇ ಬಿಟ್ಟ ಸೆಲ್ಲು ಸೋರಿ ಒಂದು ಲ್ಯಾಂಪ್ ಹಾಳಾಯಿತು. ಸಣ್ಣ ರೇಡಿಯೊ ಒಂದು, ಮಡಿಕೇರಿ ಆಕಾಶವಾಣಿಗೆ. ಎಲ್ಲ ಸೇರಿ 3,200 ರೂ.

ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಪ್ರತಿ ಚೀಲಕ್ಕೂ ಹಾಕಿದೆ: 112, ಆಂಬುಲೆನ್ಸಿಗೆ 108, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಕೊನೆಯಲ್ಲಿ ಚಿಕ್ಕಮ್ಮನದ್ದು. ನಾವು ಚದುರಿಹೋದರೆ ಒಬ್ಬರಿಗೊಬ್ಬರು ಫೋನ್ ಮಾಡುತ್ತ ಕೂರುವುದಿಲ್ಲ, ಎಲ್ಲರೂ ಅವರಿಗೊಂದು ಎಸ್‌ಎಂಎಸ್ ಕಳಿಸುತ್ತೇವೆ. ಕರೆ ಹೋಗದಷ್ಟು ಕ್ಷೀಣ ಸಿಗ್ನಲ್ ಇದ್ದಾಗಲೂ ಎಸ್‌ಎಂಎಸ್ ಹೋಗಿಬಿಡುವುದುಂಟು.

ಹಂತ 4, ಮೇ: ಕೂಗುವ ಕ್ಯಾನು

ಕೊಡಗಿನಲ್ಲಿ ಮಳೆ ಅಳೆಯುವುದು ಹೊಸದಲ್ಲ. "ನಿಮ್ಮಲ್ಲಿ ನಿನ್ನೆ ಎಷ್ಟು?" ಎಂದರೆ "ಮೂರು ಇಂಚು ನಲವತ್ತು ಸೆಂಟು" (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಎಂದು ಯಾವ ತೋಟದವರೂ ಹೇಳುತ್ತಾರೆ. ಆದರೆ ಅಳತೆ ನೋಡುವುದು ಬೆಳಿಗ್ಗೆ. ರಾತ್ರಿ ಎಷ್ಟು ಸುರಿಯುತ್ತಿದೆ ಎನ್ನುವುದು ಮಲಗಿದವರಿಗೆ ತಿಳಿಯುವುದಿಲ್ಲ, ಶೀಟಿನ ಮಾಡಿಗೆ ಸಣ್ಣ ಮಳೆಯೂ ದೊಡ್ಡ ಮಳೆಯೂ ಒಂದೇ ಸದ್ದು. ಆದ್ದರಿಂದ ರಾತ್ರಿ ಒಂದು ಮಟ್ಟ (ನಾವು ಇಟ್ಟುಕೊಂಡದ್ದು 4 ಇಂಚು) ಮೀರಿದರೆ ಎಬ್ಬಿಸುವ ಅಳತೆಗೋಲು ಮಾಡಿದೆವು.

ಲೆಕ್ಕ: 20 ಸೆಂ.ಮೀ. ಬಾಯಿಯ ಆಲಿಕೆ. ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ. ಒಂದು ಇಂಚು ಮಳೆಗೆ ಹತ್ತಿರ ಹತ್ತಿರ 800 ಮಿ.ಲೀ. ನೀರು ಬೀಳುತ್ತದೆ, 4 ಇಂಚಿಗೆ 3.2 ಲೀಟರ್. ಆಲಿಕೆಯ ಕೆಳಗೆ 5 ಲೀಟರಿನ ಎಣ್ಣೆ ಕ್ಯಾನು. ಅಳತೆ ಲೋಟದಲ್ಲಿ 3.2 ಲೀಟರ್ ಸುರಿದು ಹೊರಗೆ ಗೆರೆ ಹಾಕಿದೆ.

ಗೆರೆಯ ಮಟ್ಟಕ್ಕೆ ನೀರು ಬಂದಾಗ ಹೂಟರ್ (ಸೈರನ್) ಕೂಗಬೇಕು. ಮೊದಲು ಎರಡು ತಾಮ್ರದ ತಂತಿ ಇಳಿಬಿಟ್ಟು ನೀರು ಮುಟ್ಟಿದರೆ ಟ್ರಾನ್ಸಿಸ್ಟರ್ ಕೆಲಸ ಮಾಡುವ ಹಾಗೆ ಕಟ್ಟಿದ್ದೆ. ಮಳೆನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ತಂತಿ ಹಸಿರು ಕಿಲುಬು ಹಿಡಿಯಿತು, ಆಲಿಕೆಯಿಂದ ಸಿಡಿದ ಹನಿಗಳಿಗೆ ಕ್ಯಾನು ಖಾಲಿ ಇರುವಾಗಲೇ ಕೂಗಿತು. ಅದನ್ನು ಬಿಟ್ಟು ಟ್ಯಾಂಕಿಗೆ ಹಾಕುವ ಸಣ್ಣ ಫ್ಲೋಟ್ ಸ್ವಿಚ್ (180 ರೂ.) ಕ್ಯಾನಿನ ಮುಚ್ಚಳದಿಂದ ಇಳಿಬಿಟ್ಟೆ. ನೀರು ಏರಿದಾಗ ಕರೆಂಟ್ ಬರುವ ಬದಲು ಹೋಗುತ್ತಿದ್ದರೆ, ತಳದ ಕ್ಲಿಪ್ ತೆಗೆದು ತೇಲುವ ಗುಂಡನ್ನು ತಲೆಕೆಳಗಾಗಿ ಹಾಕಿದರೆ ಸರಿಹೋಗುತ್ತದೆ.

ಎರಡನೆಯ ತೊಡಕು ಹೂಟರಿನದ್ದು. 12 ವೋಲ್ಟಿನ ಹೂಟರ್ (450 ರೂ.) ಹತ್ತಿರ 1 ಆಂಪಿಯರ್ ಎಳೆಯುತ್ತದೆ, ಫ್ಲೋಟ್ ಸ್ವಿಚ್ ತಡೆಯುವುದು ಅರ್ಧ ಆಂಪಿಯರ್. ನೇರ ಜೋಡಿಸಿದಾಗ ಮೊದಮೊದಲು ಕೆಲಸ ಮಾಡಿ, ಆಮೇಲೆ ಸ್ವಿಚ್ಚಿನೊಳಗಿನ ಲೋಹದ ಪಟ್ಟಿಗಳು ಅಂಟಿಕೊಂಡು, ನೀರು ಚೆಲ್ಲಿದರೂ ಹೂಟರ್ ನಿಲ್ಲಲಿಲ್ಲ. ನಡುವೆ ಒಂದು 12 ವೋಲ್ಟ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಅದರ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿದೆ (ಪೆಟ್ಟಿಗೆ ಸೇರಿ 220 ರೂ.). ಹೊಸ ಸ್ವಿಚ್ಚಿಗೆ ಆಮೇಲೆ ತೊಂದರೆಯಾಗಿಲ್ಲ.

ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಯುಪಿಎಸ್‌ಗೆ ಬರುವಂಥದ್ದು (1,050 ರೂ.). ಚಾರ್ಜಿಗೆಂದು 900 ರೂ. ಕೊಟ್ಟು ತಂದ 10 ವಾಟಿನ ಸೋಲಾರ್ ಹಲಗೆಯಿಂದ ಉಪಯೋಗವಾಗಲಿಲ್ಲ. ಕಕ್ಕಡದಲ್ಲಿ ಸೂರ್ಯನೇ ಇಲ್ಲ. ಮನೆ ಕರೆಂಟಿನ ಚಾರ್ಜರ್ (400 ರೂ.) ಸಾಕು. ಕೂಗದಿರುವಾಗ ಸರ್ಕ್ಯೂಟ್ ಏನೂ ಎಳೆಯುವುದಿಲ್ಲವಾದ್ದರಿಂದ ವಾರವಿಡೀ ಕರೆಂಟ್ ಹೋದರೂ ಬ್ಯಾಟರಿ ಉಳಿದಿರುತ್ತದೆ.

ಕ್ಯಾನು ಇಡಲು ಕಣವೇ ಸರಿ. ಮರದ ಹನಿ ಬೀಳಬಾರದು, ಗಾಳಿಗೆ ಮಳೆ ಮರೆಯಾಗಬಾರದು. ಆಲಿಕೆಯ ಬಾಯಿ ನೆಲದಿಂದ ಒಂದಡಿಗಿಂತ ಮೇಲಿದ್ದರೆ ಕಣದ ಸಿಮೆಂಟಿನಿಂದ ಸಿಡಿಯುವ ನೀರು ಒಳಬರುವುದಿಲ್ಲ. ಆಲಿಕೆಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇವೆ, ಇಲ್ಲದಿದ್ದರೆ ಸಿಲ್ವರ್ ಓಕ್ ಮರದ ಎಲೆ ಬಿದ್ದು ರಂಧ್ರ ಮುಚ್ಚುತ್ತದೆ. ಹೂಟರ್ ಮನೆಗೂ ಲೈನ್‌ಮನೆಗೂ ನಡುವಿನ ಕಂಬದಲ್ಲಿ.

ಕಣದಿಂದ ಹೂಟರಿಗೆ 30 ಮೀಟರ್ ವಯರ್ (900 ರೂ.). ಕಳೆ ಕಡಿಯುವಾಗ ಕತ್ತಿ ತಾಗಿ ಅದು ತುಂಡಾಗಿತ್ತು, ಯಾರಿಗೂ ತಿಳಿದಿರಲಿಲ್ಲ. ಸುಮ್ಮನಿರುವ ಹೂಟರ್ ಮಳೆ ಕಡಿಮೆ ಇದೆ ಎಂದೂ ಹೇಳುತ್ತದೆ, ವಯರ್ ತುಂಡಾಗಿದೆ ಎಂದೂ ಹೇಳುತ್ತದೆ, ಎರಡಕ್ಕೂ ವ್ಯತ್ಯಾಸವಿಲ್ಲ. ಇದು ಇಡೀ ಕೆಲಸದ ದೊಡ್ಡ ಅಪಾಯ. ಎರಡು ಬದಲಾವಣೆ ಮಾಡಿದೆವು. ವಯರನ್ನು ಅರ್ಧ ಇಂಚಿನ ಪಿವಿಸಿ ಪೈಪಿನೊಳಗೆ ತೂರಿಸಿದೆವು (700 ರೂ.). ಕ್ಯಾನಿನ ಪಕ್ಕದಲ್ಲೇ, ಫ್ಲೋಟಿಗೆ ಜೊತೆಯಾಗಿ, ಒಂದು ಬೆಲ್ ಸ್ವಿಚ್ ಇಟ್ಟೆವು. ಸಂಜೆ ಆರಕ್ಕೆ ಕ್ಯಾನು ಖಾಲಿ ಮಾಡುವವರು ಅದನ್ನು ಒತ್ತಬೇಕು. ಹೂಟರ್ ಒಮ್ಮೆ ಕೂಗಿದರೆ ವಯರ್, ರಿಲೇ, ಬ್ಯಾಟರಿ ಎಲ್ಲ ಸರಿ ಇವೆ. ಈ ಕೆಲಸ ಮಗನದ್ದು, ಆ ಹೊತ್ತಿಗೇ ಪುಸ್ತಕದಲ್ಲಿ ಇಂಚು ಸೆಂಟು ಬರೆಯುತ್ತಾನೆ. ಆಲಿಕೆ, ಕ್ಯಾನಿಗೆ 150 ಸೇರಿ ಒಟ್ಟು 4,050 ರೂ., ಸೋಲಾರ್ ಬಿಟ್ಟು.

ಹಂತ 5, ಮೇ ಕೊನೆ: ಅಂಕಿಗಳು

ಜಗಲಿಯ ಗೋಡೆಗೆ ಹಲಗೆ ಹಾಕಿ ಬರೆದದ್ದು ಇಷ್ಟು. ಹಿಂದಿನ ಮೂರು ದಿನದ ಮಳೆ 10 ಇಂಚು ದಾಟಿದರೆ, ಇಲ್ಲವೇ 6 ಇಂಚು ದಾಟಿ ಮರುದಿನಕ್ಕೆ ರೆಡ್ ಅಲರ್ಟ್ ಇದ್ದರೆ, ಸಂಜೆ ನಾಲ್ಕರೊಳಗೆ ಪಿರಿಯಾಪಟ್ಟಣಕ್ಕೆ. ರಾತ್ರಿ ಕ್ಯಾನು ಕೂಗಿದರೆ ಏಣಿನ ಸ್ಟೋರಿಗೆ, ರಸ್ತೆಗೆ ಇಳಿಯಬಾರದು. ಗೂಟದ ಅಂತರ 1 ಸೆಂ.ಮೀ. ಹೆಚ್ಚಿದರೆ, ಹೊಸ ಒರತೆ ಎದ್ದರೆ, ಒರತೆಯ ನೀರು ಕೆಂಪಾದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಗಾಜಿನ ಪಟ್ಟಿ ಒಡೆದರೆ: ಮಳೆ ಇರಲಿ ಇಲ್ಲದಿರಲಿ, ಆಗಲೇ ಮನೆ ಬಿಡಬೇಕು. ತೋಡು ಬತ್ತುವುದೆಂದರೆ ಮೇಲೆಲ್ಲೋ ಮಣ್ಣು ಕುಸಿದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದು ಬಂದರೆ ಓಡಲು ಸಮಯ ಸಿಗುವುದಿಲ್ಲ.

ಈ ಅಂಕಿಗಳು ನಮ್ಮ ಗುಡ್ಡಕ್ಕೆಂದು ನಾವು ಇಟ್ಟುಕೊಂಡವು, ಬೇರೆಯವರು ಹಾಗೇ ಎತ್ತಿಕೊಳ್ಳಬಾರದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರೀ ಮಳೆ. 4 ಇಂಚು ಎಂದರೆ 101.6 ಮಿ.ಮೀ., ಅದೂ ಒಂದೇ ರಾತ್ರಿಗೆ. ಮೊದಲೇ ನೆನೆದ ಮಣ್ಣಿಗೆ ಇದಕ್ಕಿಂತ ಕಡಿಮೆಯೂ ಸಾಕಾಗಬಹುದು, ಆದ್ದರಿಂದಲೇ ಮೂರು ದಿನದ ಮೊತ್ತವೂ ಹಲಗೆಯಲ್ಲಿದೆ.

ಕೊನೆಯ ಸಾಲು ನನ್ನ ಹೆಂಡತಿ ಸೇರಿಸಿದ್ದು: ಮನೆಯಲ್ಲಿ ಯಾರೊಬ್ಬರು "ಹೋಗೋಣ" ಎಂದರೂ ಎಲ್ಲರೂ ಹೊರಡಬೇಕು, ಕಾರಣ ಕೇಳುವಂತಿಲ್ಲ. ಲೈನ್‌ಮನೆಯಲ್ಲಿ ಅಸ್ಸಾಂ ಕಡೆಯ ಕುಟುಂಬವಿದೆ, ಅವರಿಗೆ ಕನ್ನಡ ಓದಲು ಬಾರದು. ಇದೆಲ್ಲವನ್ನೂ ಮಗ ಚಿತ್ರ ಬರೆದು ಅವರ ಬಾಗಿಲಿಗೆ ಅಂಟಿಸಿದ. ಆ ಮನೆಯವರಿಗೂ "ಹೋಗೋಣ" ಎನ್ನುವ ಹಕ್ಕು ಅಷ್ಟೇ ಇದೆ ಎಂದು ಕೂರಿಸಿಕೊಂಡು ಹೇಳಿದೆವು. ಕೆಲಸ ಕೊಟ್ಟವರನ್ನು ರಾತ್ರಿ ಎಬ್ಬಿಸಲು ಅವರು ಹಿಂಜರಿಯಬಾರದು.

ಹಂತ 6, ಜೂನ್ ಮೊದಲು: ಕೊಟ್ಟಿಗೆ

"ಹಸುಗಳನ್ನು ಕಟ್ಟಿಹಾಕಿ ನಾನು ಬರೋದಿಲ್ಲ" ಎಂದು ಅವ್ವ ಮೊದಲೇ ಹೇಳಿದ್ದರು. ಅವರು ಹೇಳಿದ್ದು ನ್ಯಾಯ. ಸರಪಳಿಯನ್ನು ಗೂಟಕ್ಕೆ ನೇರ ಕೊಂಡಿ ಹಾಕುವ ಬದಲು ನಡುವೆ ಒಂದು ಮೊಳ ಹಗ್ಗ ಕಟ್ಟಿ, ತುದಿ ಎಳೆದರೆ ಬಿಚ್ಚುವ ಜಾರುಗಂಟು ಹಾಕಿದೆವು. ಹಸು ತಾನೇ ತುದಿಯನ್ನು ಎಳೆದು ಬಿಚ್ಚಿಕೊಳ್ಳಲು ಕಲಿತಿತು, ಆಮೇಲೆ ತುದಿಯನ್ನು ಗೋಡೆಯ ಆಚೆಗೆ ಕಿಟಕಿಯಿಂದ ಹೊರಬಿಟ್ಟೆವು. ಈಗ ಕೊಟ್ಟಿಗೆಯೊಳಗೆ ಹೋಗದೆಯೇ ಹೊರಗಿನಿಂದ ಎಳೆದು ಬಿಡಿಸಬಹುದು. ಕೊಟ್ಟಿಗೆಯ ಬಾಗಿಲು ಮಳೆಗಾಲದಲ್ಲಿ ಬೀಗ ಹಾಕುವುದಿಲ್ಲ.

ಹಂತ 7, ಜೂನ್ ಕೊನೆ: ತಾಲೀಮು

ಹಗಲಲ್ಲಿ ಮಾಡಿದ ತಾಲೀಮಿನಲ್ಲಿ ಎಲ್ಲ ಸಲೀಸು. ಜೋರು ಮಳೆಯ ರಾತ್ರಿ ಮಾಡಿದಾಗಲೇ ಕೊರತೆಗಳು ಕಂಡವು. ಮೊದಲ ಸಲ ಹೂಟರಿನಿಂದ ಸ್ಟೋರ್ ತಲುಪಲು 31 ನಿಮಿಷ. ಅದರಲ್ಲಿ ಬಹುಪಾಲು ಹೋದದ್ದು ಮನೆಯೊಳಗೇ. ಗಂಬೂಟುಗಳು ಹಿಂಬಾಗಿಲಲ್ಲಿದ್ದವು, ಅಂದರೆ ಬರೆಯ ಬುಡದಲ್ಲಿ. ಈಗ ಎಲ್ಲರದ್ದೂ ಮುಂಬಾಗಿಲಲ್ಲಿ, ಚೀಲದ ಕೆಳಗೆ. ಮುಂಬಾಗಿಲು ತೇವಕ್ಕೆ ಉಬ್ಬಿ ಚಿಲಕ ಹಿಡಿದುಕೊಂಡಿತ್ತು, ಆಚಾರಿಯನ್ನು ಕರೆಸಿ ಹತ್ತರಿ ಹಿಡಿಸಿದೆವು. ಬಾಗಿಲಿಗೂ ಚೌಕಟ್ಟಿಗೂ ನಡುವೆ 4 ಮಿ.ಮೀ. ಸಂದಿ ಬಿಟ್ಟಿದ್ದೇವೆ, ಇನ್ನು ಮೇಲೆ ಬಾಗಿಲು ಹಿಡಿದರೆ ಅದಕ್ಕೆ ತೇವದ ನೆಪ ಹೇಳಲಾಗದು, ಗೋಡೆ ಸರಿದಿದೆಯೇ ಎಂದು ನೋಡಬೇಕು. ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆರಿಸುವವರು ಯಾರೆಂದು ಗೊತ್ತಿರಲಿಲ್ಲ, ಇಬ್ಬರೂ ಓಡಿದರು. ಈಗ ಅದು ಹೆಂಡತಿಯ ಕೆಲಸ, ಹಸು ನನ್ನದು, ಅವ್ವನ ಕೈ ಹಿಡಿಯುವುದು ಮಗನದ್ದು, ನಾಯಿ ಬಿಡುವುದೂ ಅವನದ್ದೇ. ಆಮೇಲಿನ ರಾತ್ರಿ ತಾಲೀಮಿನಲ್ಲಿ 13 ನಿಮಿಷಕ್ಕೆ ಬಂತು. ಅವ್ವ ಕೈಪಿಡಿ ಹಿಡಿದು ನಿಧಾನವಾಗಿ ಹತ್ತಿದರೂ ಅಷ್ಟೇ.

ಖರ್ಚು, ಬಾಕಿ ಕೆಲಸ

ದಾರಿ 3,950, ಕಾಲುವೆ 11,000, ಕ್ಯಾನು 4,050, ಚೀಲಗಳು 3,200. ಒಟ್ಟು 22,200 ರೂ., ಸೋಲಾರಿನ 900 ಬೇರೆ. ಆಚಾರಿ ಕೂಲಿಗೆ ಎರಡು ಗೊನೆ ಬಾಳೆಯಷ್ಟೇ ತೆಗೆದುಕೊಂಡರು.

14 ಅಡಿ ಬರೆ ಹಾಗೇ ಇದೆ. ಅದನ್ನು ಮೆಟ್ಟಿಲಾಗಿ ಇಳಿಸಬೇಕು, ಆದರೆ ಮಳೆಗಾಲದಲ್ಲಿ ಬರೆಯ ಬುಡ ಮುಟ್ಟಬಾರದು. ಡಿಸೆಂಬರ್‌ನಲ್ಲಿ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಕಾಫಿ ಕೊಯ್ಲು ಮುಗಿಸಿಕೊಂಡು ಮಾಡಿಸಬೇಕು. ಕಾಲುವೆಯ ಹಾಸು ಒಂದು ಕಡೆ ಏಡಿ ಕೊರೆದು ತೂತಾಗಿದೆ, ಮಳೆ ಬಿಡುವು ಕೊಟ್ಟ ದಿನ ತೇಪೆ ಹಾಕಬೇಕು. ಕ್ಯಾನಿಗೆ 2 ಇಂಚಿನ ಮಟ್ಟದಲ್ಲಿ ಇನ್ನೊಂದು ಫ್ಲೋಟ್ ತರಿಸಿಟ್ಟಿದ್ದೇನೆ. ಅದಕ್ಕೆ ಮನೆಯೊಳಗೆ ಸಣ್ಣ ಬಜರ್ ಸಾಕು. ಅದು ಸದ್ದು ಮಾಡಿದರೆ ನಾನೊಬ್ಬ ಎದ್ದು ಬೂಟು ಹಾಕಿಕೊಂಡು ಜಗಲಿಯಲ್ಲಿ ಕೂರಬಹುದು, ಉಳಿದವರು ಮಲಗಿರಲಿ.